ಬಾಲ್ ಜಾಯಿಂಟ್ ಸವೆದಿದೆ: ಮನೆಯಲ್ಲೇ ಬದಲಿಸಬಹುದೇ?

ಪ್ರಶ್ನೆ: ನನ್ನದು 2012ರ ಪೆಟ್ರೋಲ್ ಸ್ವಿಫ್ಟ್, 90 ಸಾವಿರ ಕಿ.ಮೀ. ಓಡಿದೆ. ನಮ್ಮೂರು ಶಿರಸಿ ಹತ್ತಿರ. ಈ ಸಲದ ಮಳೆಗಾಲ ಮುಗಿದಾಗಿನಿಂದ ಸಣ್ಣ ಹಂಪ್ ಹತ್ತಿಳಿದರೂ ಮುಂದಿನ ಎಡಗಡೆಯಿಂದ ‘ಟಕ್’ ಎಂದು ಸದ್ದು ಬರುತ್ತಿದೆ. ಒಂದು ಗ್ಯಾರೇಜಿನವರು ಬಾಲ್ ಜಾಯಿಂಟ್ ಹೋಗಿದೆ, ಎರಡೂ ಕಡೆಯ ಲೋಯರ್ ಆರ್ಮ್ ಪೂರ್ತಿ ಬದಲಿಸಬೇಕು ಎಂದರು. ಇನ್ನೊಬ್ಬರು ಜಾಯಿಂಟ್ ಒಂದನ್ನೇ ತೆಗೆದು ಹೊಸದನ್ನು ಒತ್ತಿ ಕೂರಿಸಿಕೊಡುತ್ತೇನೆ, ಅರ್ಧ ದುಡ್ಡು ಸಾಕು ಎನ್ನುತ್ತಾರೆ. ಆಯಿಲ್, ಬ್ರೇಕ್ ಪ್ಯಾಡ್ ನಾನೇ ಬದಲಿಸಿಕೊಂಡು ಅಭ್ಯಾಸವಿದೆ. ಇದನ್ನೂ ಮನೆಯಲ್ಲೇ ಮಾಡಬಹುದೇ? ಅಲ್ಲಿಯವರೆಗೆ ಕಾರು ಓಡಿಸಬಹುದೇ?

ಉತ್ತರ: ಕೊನೆಯ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ, ಯಾಕೆಂದರೆ ಉಳಿದದ್ದಕ್ಕೆಲ್ಲ ಸಮಯವಿದೆ, ಇದಕ್ಕಿಲ್ಲ. ಬಾಲ್ ಜಾಯಿಂಟ್ ಸವೆದಿರುವುದು ಖಚಿತವಾದರೆ ಆ ಕಾರನ್ನು ದೇವಿಮನೆ ಘಾಟಿ ಇಳಿಸಿ ಕುಮಟಾಕ್ಕೆ ಒಯ್ಯಬೇಡಿ. ಹತ್ತಿರದ ಗ್ಯಾರೇಜಿಗೆ ನಿಧಾನವಾಗಿ ಹೋಗಬಹುದು, ಅಷ್ಟೇ. ನಿಮ್ಮ ಕಾರಿನಲ್ಲಿ ಮುಂದಿನ ಒಂದೊಂದು ಚಕ್ರಕ್ಕೆ ಇರುವುದು ಒಂದೇ ಬಾಲ್ ಜಾಯಿಂಟ್, ಅಂದರೆ ಬಟ್ಟಲಿನೊಳಗೆ ತಿರುಗುವ ಗುಂಡಿನ ಕೀಲು. ಚಕ್ರವನ್ನು ಹಿಡಿದಿರುವ ನಕಲ್‌ನ ಮೇಲ್ತುದಿ ಸ್ಪ್ರಿಂಗ್, ಶಾಕ್ ಅಬ್ಸಾರ್ಬರ್ ಸೇರಿದ ಸ್ಟ್ರಟ್‌ಗೆ ಕಟ್ಟಿಕೊಂಡಿದೆ, ಕೆಳತುದಿ ಈ ಜಾಯಿಂಟ್ ಮೂಲಕ ಲೋಯರ್ ಆರ್ಮ್‌ಗೆ, ಅಂದರೆ ಚಕ್ರವನ್ನು ಕಾರಿನ ಚೌಕಟ್ಟಿಗೆ ಸೇರಿಸುವ ಕೆಳಗಿನ ತೋಳಿಗೆ. ಗುಂಡು ಬಟ್ಟಲಿನಿಂದ ಕಳಚಿಕೊಂಡರೆ ಚಕ್ರದ ಕೆಳಭಾಗವನ್ನು ಹಿಡಿದಿಡಲು ಬೇರೇನೂ ಇಲ್ಲ. ಚಕ್ರ ವಾಲಿ ಮಡಚಿಕೊಳ್ಳುತ್ತದೆ, ಆಕ್ಸಲ್ ಎಳೆದುಕೊಂಡು ಬರುತ್ತದೆ, ಬ್ರೇಕ್ ಹೋಸ್ ಜಗ್ಗುತ್ತದೆ, ಸ್ಟೀರಿಂಗ್ ಮಾತು ಕೇಳುವುದಿಲ್ಲ. ಪುಣ್ಯಕ್ಕೆ ಹಲವು ಸಲ ಇದು ಸ್ಟೀರಿಂಗ್ ಪೂರ್ತಿ ತಿರುಗಿಸಿ ಕಾರನ್ನು ರಿವರ್ಸ್ ತೆಗೆಯುವಾಗಲೋ ಗುಂಡಿಗೆ ನಿಧಾನವಾಗಿ ಇಳಿಸುವಾಗಲೋ ಆಗುತ್ತದೆ. ಘಾಟಿಯ ತಿರುವಿನಲ್ಲಿ ಆದರೆ ಏನಾದೀತು ಎಂದು ನಿಮಗೆ ಬಿಡಿಸಿ ಹೇಳಬೇಕಿಲ್ಲ.

ಈಗ ಮುಖ್ಯ ವಿಷಯ. ಬ್ರೇಕ್ ಪ್ಯಾಡ್ ಬದಲಿಸುವ ಕೈಗೆ ಈ ಕೆಲಸ ಎಟುಕದ್ದೇನಲ್ಲ. ಆದರೆ ಹಳೆಯದನ್ನು ಬಿಚ್ಚಲು ಬೇಕಾದ್ದು ಬರೀ ಬಲ. ಕಾರು ಮುಂದಿನ ಐದು ವರ್ಷ ನೆಟ್ಟಗೆ ಓಡುವುದೋ ಇಲ್ಲವೋ ಎನ್ನುವುದು ನಿರ್ಧಾರವಾಗುವುದು ಹೊಸದನ್ನು ಬಿಗಿಯುವ ರೀತಿಯಲ್ಲಿ. ಅದಕ್ಕೂ ಮೊದಲು, ಸದ್ದು ನಿಜಕ್ಕೂ ಬಾಲ್ ಜಾಯಿಂಟ್‌ನದೇ ಎಂದು ನೀವೇ ಕಣ್ಣಾರೆ ನೋಡಬೇಕು.

ಮುಂದಿನ ಚಕ್ರದ ಸುತ್ತ ‘ಟಕ್’ ಎನ್ನುವ ವಸ್ತುಗಳು ಹಲವಿವೆ. ನನ್ನ ಅನುಭವದಲ್ಲಿ ಸಣ್ಣ ಹಂಪ್, ಕಲ್ಲು ರಸ್ತೆಯಲ್ಲಿ ಕಟಕಟ ಎನ್ನುವುದು ಬಹಳ ಸಲ ತಿರುವಿನಲ್ಲಿ ಕಾರು ವಾಲದಂತೆ ತಡೆಯುವ ಸ್ಟೆಬಿಲೈಸರ್ ಬಾರ್‌ನ ಲಿಂಕ್ ರಾಡ್. ಅದು ಅಗ್ಗದ ವಸ್ತು, ಅರ್ಧ ಗಂಟೆಯ ಕೆಲಸ. ನಿಂತಲ್ಲೇ ಸ್ಟೀರಿಂಗ್ ತಿರುಗಿಸಿದಾಗ ಸ್ಪ್ರಿಂಗ್ ‘ಟಣ್’ ಎಂದು ಜಿಗಿದಂತಾದರೆ ಸ್ಟ್ರಟ್‌ನ ಮೇಲಿನ ಮೌಂಟ್. ಸ್ಟೀರಿಂಗ್ ಪೂರ್ತಿ ತಿರುಗಿಸಿ ಕಾರು ಚಲಿಸುವಾಗ ಮಾತ್ರ ಕಟಕಟ ಬಂದರೆ ಆಕ್ಸಲ್‌ನ ಹೊರಗಿನ ಜಾಯಿಂಟ್. ಬ್ರೇಕ್ ಒತ್ತಿದಾಗ ಒಮ್ಮೆ, ಬಿಟ್ಟು ಹೊರಟಾಗ ಇನ್ನೊಮ್ಮೆ ‘ದಡ್’ ಎಂದರೆ ಆರ್ಮ್ ಕಾರಿಗೆ ಸೇರುವಲ್ಲಿನ ರಬ್ಬರ್ ಬುಷ್ ಮೇಲೆ ಅನುಮಾನ ಪಡಿ. ಬಾಲ್ ಜಾಯಿಂಟ್ ಇವೆಲ್ಲದರ ದನಿಯನ್ನೂ ಅಣಕಿಸಬಲ್ಲದು. ಹಾಗಾಗಿ ಕಿವಿಯೊಂದನ್ನೇ ನಂಬಿದರೆ ಆಗದು.

ಸಮತಟ್ಟಾದ ಗಟ್ಟಿ ನೆಲದಲ್ಲಿ ಕಾರಿನ ಮುಂಭಾಗ ಎತ್ತಿ ಜಾಕ್ ಸ್ಟ್ಯಾಂಡ್ ಮೇಲೆ ನಿಲ್ಲಿಸಿ, ಚಕ್ರಗಳು ತೂಗಲಿ. ಟೈರಿನ ಮೇಲ್ತುದಿ ಮತ್ತು ಕೆಳತುದಿ ಹಿಡಿದು ಒಳಕ್ಕೂ ಹೊರಕ್ಕೂ ಅಲುಗಿಸಿ. ಪ್ಲೇ (ಸಡಿಲ ಅಲುಗಾಟ) ಕಂಡರೆ ಮನೆಯವರೊಬ್ಬರನ್ನು ಬ್ರೇಕ್ ಒತ್ತಿ ಹಿಡಿಯಲು ಹೇಳಿ, ಮತ್ತೆ ಅಲುಗಿಸಿ. ಬ್ರೇಕ್ ಹಿಡಿದಾಗ ಪ್ಲೇ ಮಾಯವಾದರೆ ದೋಷ ವೀಲ್ ಬೇರಿಂಗ್‌ನದು. ಹಾಗೇ ಉಳಿದರೆ ಬಾಲ್ ಜಾಯಿಂಟ್ ಕಡೆ ನೋಡಿ. ಎಡ-ಬಲ ಹಿಡಿದು ಅಲುಗಿಸಿದಾಗ ಸಡಿಲ ಕಂಡರೆ ಸ್ಟೀರಿಂಗ್‌ನ ತಿರುವನ್ನು ಚಕ್ರಕ್ಕೆ ಮುಟ್ಟಿಸುವ ಟೈ ರಾಡ್ ಎಂಡ್ ಅಥವಾ ಸ್ಟೀರಿಂಗ್ ರ‍್ಯಾಕ್‌ನದು. ಆದರೆ ಸಣ್ಣ ಸವೆತ ಕೈಗೆ ಸಿಗುವುದಿಲ್ಲ. ಉದ್ದನೆಯ ಸಲಾಕೆಯನ್ನು ಲೋಯರ್ ಆರ್ಮ್ ಮತ್ತು ನಕಲ್ ನಡುವೆ ತೂರಿಸಿ ಮೀಟಿ ನೋಡಿ, ಇನ್ನೊಂದು ಕೈಯ ಬೆರಳು ಜಾಯಿಂಟ್ ಮೇಲಿರಲಿ. ಒಳ್ಳೆಯ ಜಾಯಿಂಟ್ ಕದಲುವುದಿಲ್ಲ. ಸವೆದದ್ದಾದರೆ ಗುಂಡು ಬಟ್ಟಲೊಳಗೆ ಏರಿಳಿಯುವುದು ಬೆರಳಿಗೆ ‘ಟಕ್’ ಎಂದು ತಾಗುತ್ತದೆ. ಸಲಾಕೆಯನ್ನು ಜಾಯಿಂಟ್ ಮುಚ್ಚಿರುವ ರಬ್ಬರ್ ಬೂಟಿಗೆ ತಾಗಿಸಬೇಡಿ. ಚೆನ್ನಾಗಿರುವ ಜಾಯಿಂಟ್ ಪರೀಕ್ಷೆಯಿಂದಲೇ ಹಾಳಾಗಬಾರದು.

ಬೂಟನ್ನು ಬಟ್ಟೆಯಿಂದ ಒರೆಸಿ, ಟಾರ್ಚ್ ಹಿಡಿದು ಸುತ್ತಲೂ ನೋಡಿ. ಮುಕ್ಕಾಲು ಪಾಲು ಕಥೆ ಅಲ್ಲೇ ಇರುತ್ತದೆ. ಈ ಜಾಯಿಂಟ್‌ಗಳು ಕಾರ್ಖಾನೆಯಲ್ಲೇ ಗ್ರೀಸ್ ತುಂಬಿ ಮುಚ್ಚಿದವು, ಹಳೆಯ ಜೀಪುಗಳಲ್ಲಿದ್ದಂತೆ ಗ್ರೀಸ್ ನಿಪ್ಪಲ್ ಇವಕ್ಕಿಲ್ಲ. ಒಳಗೆ ನುಣುಪಾದ ಉಕ್ಕಿನ ಗುಂಡು, ಅದಕ್ಕೆ ಪ್ಲಾಸ್ಟಿಕ್ ಬಟ್ಟಲಿನ ಒಳಪದರ. ಬೂಟು ಗಟ್ಟಿಯಿರುವವರೆಗೆ ಇದು ವರ್ಷಗಟ್ಟಲೆ ಬಾಳುತ್ತದೆ. ಬೂಟಿನಲ್ಲಿ ಕೂದಲೆಳೆಯಷ್ಟು ಬಿರುಕು ಬಿದ್ದರೂ ಮಲೆನಾಡಿನ ಒಂದು ಮಳೆಗಾಲ ಸಾಕು: ಕೆಂಪು ಮಣ್ಣಿನ ರಾಡಿ ಒಳಹೊಕ್ಕು ಗ್ರೀಸ್ ಜೊತೆ ಬೆರೆತು ಗುಂಡನ್ನು ಉಜ್ಜಲು ಶುರುಮಾಡುತ್ತದೆ. ಬೂಟಿನ ಅಂಚಿನಲ್ಲಿ ತುಕ್ಕಿನ ಬಣ್ಣದ ಗ್ರೀಸ್ ಒಸರಿದ್ದರೆ ನೀರು ಆಗಲೇ ಒಳಗೆ ಹೋಗಿ ಬಂದಿದೆ. ಮಳೆಗಾಲ ಮುಗಿದಾಗಿನಿಂದ ಸದ್ದು ಎಂದು ನೀವು ಬರೆದದ್ದು ಇದಕ್ಕೆ ಸರಿಹೊಂದುತ್ತದೆ. ಹರಿದ ಬೂಟಿನ ಮೇಲಿಂದ ಗ್ರೀಸ್ ಬಳಿದರೆ ಸದ್ದು ನಾಲ್ಕು ದಿನ ಅಡಗೀತು, ಸವೆತ ನಿಲ್ಲದು.

ಜಾಯಿಂಟ್ ಮಾತ್ರವೋ, ಇಡೀ ಆರ್ಮೋ? ಇಲ್ಲಿ ನನ್ನ ಅಭಿಪ್ರಾಯ ಗಟ್ಟಿ: ನೀವು ಇಡೀ ಆರ್ಮ್ ಬದಲಿಸಿ. ಎಲ್ಲ ಕಾರುಗಳಿಗೂ ಈ ಮಾತು ಹೇಳುವುದಿಲ್ಲ. ಕೆಲವು ಕಾರುಗಳಲ್ಲಿ, ಫೋಕ್ಸ್‌ವ್ಯಾಗನ್ ಪೋಲೊ ಇದಕ್ಕೆ ಉದಾಹರಣೆ, ಜಾಯಿಂಟ್ ಬೇರೆಯಾಗಿಯೇ ಆರ್ಮ್‌ಗೆ ಬೋಲ್ಟ್ ಆಗಿರುತ್ತದೆ. ಹಳೆಯದು ಕೂತಿದ್ದ ಜಾಗಕ್ಕೆ ಗುರುತು ಹಾಕಿಕೊಂಡು ಬೋಲ್ಟ್ ಬಿಚ್ಚಿ ಹೊಸದನ್ನು ಅಲ್ಲೇ ಕೂರಿಸಿದರೆ ಆಯಿತು. ಇನ್ನು ಕೆಲವದರಲ್ಲಿ ಕಾರ್ಖಾನೆಯ ರಿವೆಟ್ ಕೊರೆದು ತೆಗೆದು, ಹೊಸ ಜಾಯಿಂಟ್ ಜೊತೆ ಬರುವ ಬೋಲ್ಟ್ ಹಾಕಬೇಕು. ನಿಮ್ಮ ಸ್ವಿಫ್ಟ್‌ನಲ್ಲಿ ಜಾಯಿಂಟ್ ಆರ್ಮ್‌ನೊಳಗೇ ಕೂತಿದೆ. ಜಾಯಿಂಟ್ ಕೆಟ್ಟರೆ ಆರ್ಮ್ ಸಮೇತ ಬದಲಿಸಿ ಎಂಬುದೇ ಸುಜುಕಿಯ ಸರ್ವಿಸ್ ಕೈಪಿಡಿಯ ಸೂಚನೆ. ಬಿಡಿ ಜಾಯಿಂಟ್ ಹೊರಗಿನ ಮಾರುಕಟ್ಟೆಯಲ್ಲಿ ಸಿಗುತ್ತದೆ, ನಿಜ. ಆದರೆ ಅದನ್ನು ಕೂರಿಸಲು ಪ್ರೆಸ್ ಬೇಕು, ಓರೆಯಾಗದಂತೆ ಹೋಗಬೇಕು, ಹಳೆಯದು ಹೊರಬರುವಾಗ ರಂಧ್ರ ಸ್ವಲ್ಪ ಅಗಲವಾದರೂ ಹೊಸದರ ಹಿಡಿತ ಸಡಿಲವಾಗುತ್ತದೆ. ಆ ಸಡಿಲ ಮುಚ್ಚಲು ಎರಡು ಕಡೆ ವೆಲ್ಡಿಂಗ್ ಚುಕ್ಕೆ ಇಡುವವರಿದ್ದಾರೆ. ಆ ಬಿಸಿಗೆ ಒಳಗಿನ ಪ್ಲಾಸ್ಟಿಕ್ ಪದರವೂ ಗ್ರೀಸೂ ಉಳಿಯುವುದಿಲ್ಲ, ಹೊರಗಿನಿಂದ ಮಾತ್ರ ಜಾಯಿಂಟ್ ಹೊಸದಾಗಿ ಕಾಣುತ್ತದೆ. ಹಳೆಯ ಬಟ್ಟಲನ್ನೇ ಬಡಿದು ಬಿಗಿ ಮಾಡಿಕೊಡುವುದೂ ಇದೇ ಜಾತಿಯ ಕೆಲಸ. ಚಕ್ರ ಹಿಡಿದಿಡುವ ವಸ್ತುವಿನಲ್ಲಿ ಇವೆರಡನ್ನೂ ಒಪ್ಪಬೇಡಿ. ಆರ್ಮ್ ಪೂರ್ತಿ ಕೊಂಡರೆ ಎರಡು ಹೊಸ ಬುಷ್ ಕೂಡ ಅದರಲ್ಲೇ ಬರುತ್ತವೆ. 90 ಸಾವಿರ ಕಿ.ಮೀ. ಓಡಿದ ಕಾರಿಗೆ ಹೇಗೂ ಅವು ಬೇಕಾಗುವ ಹೊತ್ತು.

ಎರಡೂ ಕಡೆ ಬದಲಿಸಬೇಕೆಂಬ ನಿಯಮವೇನಿಲ್ಲ. ಬಲಗಡೆಯದನ್ನೂ ಹಾಗೇ ಸಲಾಕೆ ಹಾಕಿ ನೋಡಿ. ಬೂಟು ಮೆತ್ತಗಿದೆ, ಪ್ಲೇ ಇಲ್ಲ, ಬುಷ್‌ನಲ್ಲಿ ಸೀಳು ಇಲ್ಲ ಎಂದಾದರೆ ಬಿಡಿ, ಮುಂದಿನ ಮಳೆಗಾಲಕ್ಕೆ ಮುಂಚೆ ಮತ್ತೊಮ್ಮೆ ನೋಡಿದರೆ ಸಾಕು. ಬೂಟು ಒಣಗಿ ಬಿರುಕು ಬಿಟ್ಟಿದ್ದರೆ ಒಟ್ಟಿಗೇ ಮಾಡಿಬಿಡಿ, ಚಕ್ರಗಳ ಕೋನ ಸರಿಪಡಿಸುವ ಅಲೈನ್‌ಮೆಂಟ್ ಖರ್ಚಾದರೂ ಒಂದೇ ಸಲಕ್ಕೆ ಮುಗಿಯುತ್ತದೆ. ಎರಡೂ ಬದಲಿಸುವಾಗಲೂ ಒಂದು ಕಡೆ ಪೂರ್ತಿ ಮುಗಿಸಿ ಇನ್ನೊಂದನ್ನು ಬಿಚ್ಚಿ. ಯಾವುದು ಹೇಗೆ ಕೂತಿತ್ತು ಎಂದು ನೋಡಿಕೊಳ್ಳಲು ಆಚೆ ಕಡೆಯದು ಕಣ್ಣೆದುರಿಗೆ ಇರುತ್ತದೆ.

ಕೊಳ್ಳುವಾಗ ಮಾದರಿಯ ಹೆಸರು ಹೇಳಿ ಕೇಳಬೇಡಿ, ಆರ್‌ಸಿಯಲ್ಲಿರುವ ಚಾಸಿಸ್ ನಂಬರ್ ಕೊಡಿ. ನಿಮ್ಮ ಸ್ವಿಫ್ಟ್‌ನ ತಲೆಮಾರು ಬಂದದ್ದು 2011ರಲ್ಲಿ. ಅದಕ್ಕಿಂತ ಹಳೆಯದಕ್ಕೂ ಇದಕ್ಕೂ ಕೌಂಟರಿನಲ್ಲಿ ಅದಲು ಬದಲಾಗುವುದುಂಟು. ಕಂಪನಿಯ ಅಸಲಿ ಬಿಡಿಭಾಗ ಕೌಂಟರಿನಲ್ಲೇ ಸಿಕ್ಕಿದರೆ ಉತ್ತಮ. ಬೆಂಗಳೂರಿನ ಜೆ.ಸಿ. ರಸ್ತೆಯಂಥ ಕಡೆ ಎಲ್ಲ ದರ್ಜೆಯ ಮಾಲೂ ಸಿಗುತ್ತದೆ, ಆರಿಸಿಕೊಳ್ಳುವ ಕಣ್ಣು ನಿಮ್ಮದಾಗಿರಬೇಕು. ಬಿಲ್ ಇಲ್ಲದ, ತಯಾರಕರ ಹೆಸರಿಲ್ಲದ ಪೊಟ್ಟಣ ಮುಟ್ಟಬೇಡಿ. ಜೊತೆಗೆ ಜಾಯಿಂಟ್‌ನ ದಂಡವನ್ನು ನಕಲ್‌ನಲ್ಲಿ ಬಿಗಿಹಿಡಿಯುವ ಪಿಂಚ್ ಬೋಲ್ಟ್, ಅದರ ನಟ್ ಮತ್ತು ಆರ್ಮ್‌ನ ಬೋಲ್ಟ್‌ಗಳನ್ನೂ ಹೊಸದಾಗಿ ತನ್ನಿ.

ಹತಾರಗಳೆಂದರೆ 14, 17, 19ರ ಸಾಕೆಟ್‌ಗಳು, ಉದ್ದ ಹಿಡಿಯ ಬ್ರೇಕರ್ ಬಾರ್, ಒಂದೂವರೆ ಕೆ.ಜಿ.ಯ ಸುತ್ತಿಗೆ, ಚಪ್ಪಟೆ ಚಾಣ, ಸಲಾಕೆ, ತುಕ್ಕು ಬಿಡಿಸುವ ಸ್ಪ್ರೇ, ಎರಡು ಜಾಕ್ ಸ್ಟ್ಯಾಂಡ್, ಕಾರಿನ ಜಾಕ್ ಅಲ್ಲದೆ ಇನ್ನೊಂದು ಜಾಕ್, ಮತ್ತು ನಿಗದಿತ ಅಂಕಿಯಷ್ಟೇ ಬಿಗಿಯಲು ಬಳಸುವ ಟಾರ್ಕ್ ರೆಂಚ್. ಟಾರ್ಕ್ ರೆಂಚ್ ಇಲ್ಲದಿದ್ದರೆ ಎರವಲು ತನ್ನಿ, ಅದಿಲ್ಲದೆ ಕೆಲಸಕ್ಕೆ ಕೈ ಹಾಕಬೇಡಿ. ಬಿಗಿಯುವ ಅಂಕಿಗಳು ನಿಮ್ಮ ಕಾರಿನ ಸರ್ವಿಸ್ ಕೈಪಿಡಿಯಲ್ಲಿರುತ್ತವೆ. ಹಿಂದಿನ ದಿನವೇ ಹುಡುಕಿ ಚೀಟಿಯಲ್ಲಿ ಬರೆದುಕೊಳ್ಳಿ.

ಜಾಕ್ ಸ್ಟ್ಯಾಂಡ್ ವಿಷಯದಲ್ಲಿ ಎರಡು ಮಾತು ಹೆಚ್ಚಿಗೆ ಹೇಳುತ್ತೇನೆ. ನಮ್ಮ ಕಡೆ ಮನೆ ಕಟ್ಟಿ ಮಿಕ್ಕ ಚಿರೆಕಲ್ಲು, ಸಿಮೆಂಟ್ ಬ್ಲಾಕ್ ಅಂಗಳದಲ್ಲಿ ಬಿದ್ದಿರುತ್ತವೆ, ಕೈ ಅತ್ತಲೇ ಹೋಗುತ್ತದೆ. ಗೋಡೆಯಲ್ಲಿ ಹರಡಿದ ಭಾರ ಹೊರುವ ಈ ಕಲ್ಲುಗಳು ಒಂದೇ ಬಿಂದುವಿನಲ್ಲಿ ಕಾರಿನ ತೂಕ ಬಿದ್ದಾಗ ಸೂಚನೆಯನ್ನೇ ಕೊಡದೆ ಸೀಳುತ್ತವೆ. ಬಲ ಹಾಕಿ ಮೀಟುವ ಕೆಲಸವಿದು, ಕಾರು ಅಲುಗಾಡಿಯೇ ತೀರುತ್ತದೆ. ಬರೀ ಜಾಕ್ ಮೇಲೆ ನಿಂತ ಕಾರಿನ ಕೆಳಗೆ ತಲೆ ಹಾಕಲೇಬೇಡಿ. ಮಣ್ಣಿನ ಅಂಗಳವಾದರೆ ಸ್ಟ್ಯಾಂಡಿನ ಕೆಳಗೆ ದಪ್ಪ ಹಲಗೆ ಇಡಿ, ಹಿಂದಿನ ಚಕ್ರಗಳಿಗೆ ಎರಡೂ ಕಡೆ ಗೂಟ ಕೊಡಿ, ಬಿಚ್ಚಿದ ಚಕ್ರವನ್ನು ಕಾರಿನ ಪಕ್ಕದ ಅಂಚಿನ ಕೆಳಗೆ ತೂರಿಸಿಡಿ. ಕೆಲಸ ಮುಗಿಯುವವರೆಗೆ ಮನೆಯಲ್ಲಿ ಇನ್ನೊಬ್ಬರು ಇರಲಿ.

ಹಿಂದಿನ ಸಂಜೆಯೇ ಎಲ್ಲ ಬೋಲ್ಟ್‌ಗಳ ಕೊಳೆ ತಂತಿ ಬ್ರಶ್‌ನಿಂದ ತೆಗೆದು ಸ್ಪ್ರೇ ಹೊಡೆದಿಡಿ. ಬೆಳಿಗ್ಗೆ ಚಕ್ರ ನೆಲದಲ್ಲಿರುವಾಗಲೇ ವೀಲ್ ನಟ್ ಸ್ವಲ್ಪ ಸಡಿಲಿಸಿ, ಆಮೇಲೆ ಕಾರು ಎತ್ತಿ. ಒಂದೇ ಕಡೆ ಬದಲಿಸುವುದಾದರೂ ಮುಂದಿನ ಎರಡೂ ಚಕ್ರಗಳು ತೂಗುವಂತೆ ಎತ್ತಿ. ಒಂದು ಚಕ್ರ ನೆಲದಲ್ಲೇ ಇದ್ದರೆ ಸ್ಟೆಬಿಲೈಸರ್ ಬಾರ್ ತಿರುಚಿಕೊಂಡು ಈಚೆ ಕಡೆಯನ್ನು ಮೇಲಕ್ಕೆ ಎಳೆಯುತ್ತಿರುತ್ತದೆ, ಆರ್ಮ್ ಕೆಳಗೆ ಬಗ್ಗುವುದೇ ಇಲ್ಲ. ಜಾಯಿಂಟ್ ಬಿಡುತ್ತಿಲ್ಲ ಎಂದು ಗಂಟೆಗಟ್ಟಲೆ ಬಡಿಯುವವರು ಸೋಲುವುದು ಬಹಳ ಸಲ ಈ ಕಾರಣಕ್ಕೇ.

ನಕಲ್‌ನ ಕೆಳತುದಿಯಲ್ಲಿ ಅಡ್ಡಲಾಗಿ ಹೋಗುವ ಬೋಲ್ಟ್ ಕಾಣುತ್ತದೆ, ಅದೇ ಪಿಂಚ್ ಬೋಲ್ಟ್. ಬಾಲ್ ಜಾಯಿಂಟ್‌ನ ದಂಡ ನಕಲ್‌ನ ಸೀಳಿದ ಕಣ್ಣಿಗೆ ಕೆಳಗಿನಿಂದ ತೂರಿಕೊಂಡಿರುತ್ತದೆ, ಈ ಬೋಲ್ಟ್ ಆ ಸೀಳನ್ನು ಬಿಗಿಹಿಡಿಯುತ್ತದೆ. ಅಷ್ಟೇ ಅಲ್ಲ, ದಂಡದ ಪಕ್ಕದಲ್ಲಿ ಒಂದು ಕಚ್ಚು ಕೊರೆದಿರುತ್ತದೆ, ಬೋಲ್ಟ್ ಆ ಕಚ್ಚಿನೊಳಗೆ ಹಾದುಹೋಗುತ್ತದೆ. ಆದ್ದರಿಂದ ಸಡಿಲಿಸಿದರೆ ಸಾಲದು, ಬೋಲ್ಟನ್ನು ಪೂರ್ತಿ ಹೊರಗೆಳೆಯಬೇಕು. ಅದು ಅರ್ಧ ಒಳಗಿದ್ದಾಗ ಸುತ್ತಿಗೆಯಿಂದ ಎಷ್ಟು ಹೊಡೆದರೂ ದಂಡ ಇಳಿಯುವುದಿಲ್ಲ, ನಕಲ್ ಹಾಳಾಗುತ್ತದೆ. ಬೋಲ್ಟ್ ತೆಗೆದ ಮೇಲೆ ಸೀಳಿಗೆ ಚಾಣ ಇಟ್ಟು ಮೆಲ್ಲಗೆ ಎರಡೇಟು ಕೊಟ್ಟರೆ ಕಣ್ಣು ತುಸು ಬಿರಿಯುತ್ತದೆ. ತುಸುವೇ ಸಾಕು, ಹೆಚ್ಚು ಬಿರಿದರೆ ಎರಕದ ಲೋಹ ಬಿರುಕು ಬಿಡುತ್ತದೆ. ಮತ್ತೆ ಸ್ಪ್ರೇ ಹೊಡೆದು, ಆರ್ಮ್ ಮೇಲೆ ಸಲಾಕೆ ಹಾಕಿ ಕೆಳಕ್ಕೆ ಒತ್ತುತ್ತಾ, ನಕಲ್‌ನ ಪಕ್ಕಕ್ಕೆ ಸುತ್ತಿಗೆಯಿಂದ ತಟ್ಟಿ. ದಂಡ ಒಮ್ಮೆಗೇ ಜಾರಿ ಬರುತ್ತದೆ, ಕೈ, ಮುಖ ಆರ್ಮ್‌ನ ದಾರಿಯಲ್ಲಿ ಇರದಿರಲಿ.

ಬೇರೆ ಕಾರಿನವರು ಇದನ್ನು ಓದುತ್ತಿದ್ದರೆ ಅವರಿಗೊಂದು ಮಾತು. ಹಲವು ಕಾರುಗಳಲ್ಲಿ ಪಿಂಚ್ ಬೋಲ್ಟ್ ಇರುವುದಿಲ್ಲ; ದಂಡ ಶಂಕುವಿನಂತೆ ಓರೆಯಾಗಿದ್ದು ನಕಲ್‌ನ ಓರೆ ರಂಧ್ರದಲ್ಲಿ ಕಚ್ಚಿಕೊಂಡಿರುತ್ತದೆ, ತುದಿಗೆ ನಟ್. ಅಂಥದಕ್ಕೆ ನಟ್ ಕೆಲವು ಸುತ್ತು ಸಡಿಲಿಸಿ ಹಾಗೇ ಬಿಟ್ಟು, ಬಾಲ್ ಜಾಯಿಂಟ್ ಪುಲ್ಲರ್ ಹಾಕಿ. ಮರಳಿ ಜೋಡಿಸುವಾಗ ಸ್ಪ್ಲಿಟ್ ಪಿನ್ ರಂಧ್ರ ಹೊಂದದಿದ್ದರೆ ನಟ್ಟನ್ನು ಮುಂದಿನ ಗೀರಿನವರೆಗೆ ಇನ್ನಷ್ಟು ಬಿಗಿಯಬೇಕೇ ಹೊರತು ಹಿಂದಕ್ಕೆ ಸಡಿಲಿಸಬಾರದು. ಇನ್ನೋವಾದಂತೆ ಮೇಲೊಂದು ಕೆಳಗೊಂದು ಆರ್ಮ್ ಇರುವ ಗಾಡಿಗಳಲ್ಲಿ ಸ್ಪ್ರಿಂಗ್‌ನ ಒತ್ತಡ ಕೆಳಗಿನ ಆರ್ಮ್ ಮೇಲಿರುತ್ತದೆ. ಜಾಯಿಂಟ್ ಬಿಚ್ಚಿದ ಕ್ಷಣ ಆ ಒತ್ತಡ ಪೂರ್ತಿ ಸಿಡಿದು ಬರಬಹುದು. ಆ ಕೆಲಸ ಅಂಗಳದ್ದಲ್ಲ, ಗ್ಯಾರೇಜಿಗೆ ಕೊಡಿ.

ಜಾಯಿಂಟ್ ಬಿಟ್ಟ ಮೇಲೆ ನಕಲ್ ಓಲಾಡುತ್ತದೆ. ಅದನ್ನು ಹೊರಕ್ಕೆ ಎಳೆಯಬೇಡಿ. ಎಳೆದರೆ ಆಕ್ಸಲ್‌ನ ಒಳಗಿನ ಜಾಯಿಂಟ್ ಅದರ ಮನೆಯಿಂದ ಕಳಚಿಕೊಂಡು ಇನ್ನೊಂದು ದೊಡ್ಡ ಕೆಲಸ ಹುಟ್ಟುತ್ತದೆ. ಬ್ರೇಕ್ ಹೋಸ್, ಎಬಿಎಸ್ ಇದ್ದರೆ ಅದರ ವೈರ್ ಜಗ್ಗದಂತೆ ನೋಡಿಕೊಳ್ಳಿ. ನಂತರ ಆರ್ಮ್‌ನ ಒಳತುದಿಯ ಎರಡು ಬೋಲ್ಟ್ ಬಿಚ್ಚಿ. ಇವು ಹಠಮಾರಿ. ಬೋಲ್ಟ್ ತಿರುಗುತ್ತಿದ್ದರೂ ಹೊರಬರುತ್ತಿಲ್ಲವೆಂದರೆ ಬುಷ್‌ನ ಒಳಕೊಳವೆಗೆ ತುಕ್ಕಿನಿಂದ ಅಂಟಿಕೊಂಡಿದೆ ಅಥವಾ ಆರ್ಮ್ ಕಟ್ಟಿರುವ ಸಬ್‌ಫ್ರೇಮ್ (ಕಾರಿನ ಕೆಳಚೌಕಟ್ಟು) ಒಳಗಿನ ನಟ್ ಬೆಸುಗೆ ಬಿಟ್ಟು ಜೊತೆಗೇ ತಿರುಗುತ್ತಿದೆ. ಎರಡನೆಯದಾದರೆ ಅಲ್ಲಿಗೇ ನಿಲ್ಲಿಸಿ, ಎಲ್ಲವನ್ನೂ ಮರಳಿ ಜೋಡಿಸಿ ಗ್ಯಾರೇಜಿನವರನ್ನು ಕರೆಸಿ.

ಹಳೆಯ ಆರ್ಮನ್ನೂ ಹೊಸದನ್ನೂ ನೆಲದ ಮೇಲೆ ಅಕ್ಕಪಕ್ಕ ಇಟ್ಟು ಹೋಲಿಸಿ: ಎಡ-ಬಲ ಸರಿಯಿದೆಯೇ, ಉದ್ದ ಒಂದೇ ಇದೆಯೇ, ದಂಡದ ದಪ್ಪ ಮತ್ತು ಕಚ್ಚಿನ ಎತ್ತರ ಹೊಂದುತ್ತದೆಯೇ, ಬುಷ್ ಕೂತ ದಿಕ್ಕು ಅದೇ ಇದೆಯೇ. ನಕಲ್‌ನ ಕಣ್ಣನ್ನು ಎಮೆರಿ ಕಾಗದದಿಂದ ಉಜ್ಜಿ ತುಕ್ಕು ತೆಗೆದು ಒರೆಸಿ. ಒಳಗಿನ ಬೋಲ್ಟ್‌ಗಳನ್ನು ಮೊದಲು ಕೈಯಲ್ಲಿ ಹಾಕಿ, ಪಾನಾದಿಂದ ಸುಮ್ಮನೆ ಹಿಡಿಸಿಡಿ, ಬಿಗಿಯಬೇಡಿ. ಈಗ ದಂಡವನ್ನು ಕಣ್ಣೊಳಗೆ ಪೂರ್ತಿ ಮೇಲಕ್ಕೆ ಏರಿಸಿ. ಕಚ್ಚು ರಂಧ್ರಕ್ಕೆ ಸರಿಯಾಗಿ ಬಂದಿದ್ದರೆ ಪಿಂಚ್ ಬೋಲ್ಟ್ ಬೆರಳಲ್ಲಿ ತಳ್ಳಿದರೂ ಆಚೆ ಕಾಣುತ್ತದೆ. ತಡೆದರೆ ದಂಡ ಇನ್ನೂ ಮೇಲೇರಬೇಕು ಎಂದರ್ಥ. ಸುತ್ತಿಗೆಯಿಂದ ಹೊಡೆದು ಬೋಲ್ಟ್ ಹೊಗಿಸಿದರೆ ಅದು ಕಚ್ಚಿನಲ್ಲಿ ಕೂರದೆ ದಂಡವನ್ನು ಗೀರುತ್ತದೆ, ಹಿಡಿತ ಅರ್ಧಂಬರ್ಧವಾಗುತ್ತದೆ. ಹೊಸ ನಟ್ ಹಾಕಿ ಟಾರ್ಕ್ ರೆಂಚ್‌ನಲ್ಲಿ ಕೈಪಿಡಿಯ ಅಂಕಿಗೆ ಬಿಗಿಯಿರಿ. ಇನ್ನಷ್ಟು ಇರಲಿ ಎಂದು ಪೈಪ್ ಹಾಕಿ ಎಳೆಯಬೇಡಿ, ಎಳೆದು ನೀಳವಾದ ಬೋಲ್ಟ್ ಸಡಿಲ ಬೋಲ್ಟ್‌ನಷ್ಟೇ ಕೆಟ್ಟದ್ದು.

ಆರ್ಮ್‌ನ ಬುಷ್ ಬೋಲ್ಟ್‌ಗಳ ಬಿಗಿತ ಕೊನೆಗೆ. ಕಸುಬಿನವರೂ ಅವಸರದಲ್ಲಿ ಬಿಟ್ಟುಬಿಡುವ ಹಂತವಿದು. ಬುಷ್‌ನ ರಬ್ಬರ್ ಹೊರಗಿನ ಬಳೆಗೂ ಒಳಗಿನ ಉಕ್ಕಿನ ಕೊಳವೆಗೂ ಅಂಟಿಕೊಂಡೇ ಇರುತ್ತದೆ. ಬೋಲ್ಟ್ ಬಿಗಿದಾಗ ಒಳಕೊಳವೆ ಸಬ್‌ಫ್ರೇಮ್‌ಗೆ ಬಂಧಿಯಾಗುತ್ತದೆ, ಆಮೇಲೆ ಆರ್ಮ್ ಏರಿಳಿಯುವುದು ರಬ್ಬರ್ ತಿರುಚಿಕೊಳ್ಳುವುದರಿಂದ ಮಾತ್ರ. ಚಕ್ರ ತೂಗುತ್ತಿರುವಾಗ, ಆರ್ಮ್ ಕೆಳಗೆ ಜೋತಿರುವಾಗ ಬಿಗಿದುಬಿಟ್ಟರೆ ಕಾರು ನೆಲಕ್ಕಿಳಿದೊಡನೆ ರಬ್ಬರ್ ಒದ್ದೆ ಬಟ್ಟೆ ಹಿಂಡಿದಂತೆ ತಿರುಚಿಕೊಳ್ಳುತ್ತದೆ, ಹಗಲೂ ರಾತ್ರಿ ಹಾಗೇ ಇರುತ್ತದೆ. ಕೆಲವೇ ತಿಂಗಳಲ್ಲಿ ಹೊಸ ಬುಷ್ ಸೀಳಿ, ಬಿಡಿಭಾಗವೇ ಕಳಪೆ ಎಂಬ ದೂರು ಬರುತ್ತದೆ. ಆದ್ದರಿಂದ ಎರಡನೆಯ ಜಾಕ್ ಅನ್ನು ಆರ್ಮ್‌ನ ಹೊರತುದಿಯ ಕೆಳಗೆ, ಬೂಟಿಗೆ ತಾಗದಂತೆ ಹಲಗೆಯ ತುಂಡು ಇಟ್ಟು ಏರಿಸಿ. ಆ ಕಡೆಯ ಸ್ಟ್ಯಾಂಡಿನ ಮೇಲಿನ ಭಾರ ಹಗುರಾಗಲು ಶುರುವಾದಲ್ಲಿ ನಿಲ್ಲಿಸಿ. ಸ್ಟ್ಯಾಂಡಿನಿಂದ ಕಾರು ಪೂರ್ತಿ ಏಳಬಾರದು. ಕಾರು ನೆಲದಲ್ಲಿ ನಿಂತಾಗ ಆರ್ಮ್ ಇರುವ ಕೋನ ಹೆಚ್ಚುಕಮ್ಮಿ ಅದೇ. ಆ ಸ್ಥಿತಿಯಲ್ಲಿ ಎರಡೂ ಬೋಲ್ಟ್ ಅಂಕಿಗೆ ಬಿಗಿಯಿರಿ, ಬಿಗಿದದ್ದಕ್ಕೆಲ್ಲ ಬಣ್ಣದ ಗೀಟು ಎಳೆಯಿರಿ. ಮುಂದೆ ಒಂದು ಎಳೆಯಷ್ಟು ಸಡಿಲವಾದರೂ ಗೀಟು ತಪ್ಪಿದ್ದು ಕಣ್ಣಿಗೆ ಬೀಳುತ್ತದೆ.

ಚಕ್ರ ಹಾಕಿ, ಕಾರು ಇಳಿಸಿ, ವೀಲ್ ನಟ್‌ಗಳನ್ನು ಎದುರುಬದುರಾಗಿ ಬಿಗಿದು, ಮೊದಲು ಅಂಗಳದಲ್ಲೇ ಸ್ಟೀರಿಂಗ್ ಎರಡೂ ಕಡೆ ಪೂರ್ತಿ ತಿರುಗಿಸಿ ನಿಧಾನಕ್ಕೆ ಓಡಿಸಿ, ಬ್ರೇಕ್ ಒತ್ತಿ ನೋಡಿ. ಸದ್ದಿಲ್ಲವೆಂದರೆ ಸೀದಾ ಅಲೈನ್‌ಮೆಂಟ್‌ಗೆ ಹೋಗಿ. ಸ್ಟೀರಿಂಗ್ ನೆಟ್ಟಗಿದೆ ಎಂದು ಇದನ್ನು ಮುಂದೂಡಬೇಡಿ. ಆರ್ಮ್ ಬದಲಾದಾಗ ಟೋ, ಅಂದರೆ ಚಕ್ರಗಳು ಒಳಕ್ಕೋ ಹೊರಕ್ಕೋ ಮುಖ ಮಾಡಿರುವ ಕೋನ, ಕೂದಲೆಳೆಯಷ್ಟು ಸರಿದಿದ್ದರೂ ಟೈರಿನ ಒಂದು ಅಂಚು ಬೇಗ ಸವೆಯುತ್ತದೆ. ಟೈ ರಾಡ್ ಎಂಡ್‌ನಲ್ಲೂ ಪ್ಲೇ ಸಿಕ್ಕಿದ್ದರೆ ಅದನ್ನು ಅಲೈನ್‌ಮೆಂಟ್‌ಗೆ ಮುಂಚೆಯೇ ಬದಲಿಸಿ, ಇಲ್ಲವಾದರೆ ಆ ಹಣ ಎರಡು ಸಲ ಕೊಡಬೇಕಾಗುತ್ತದೆ. ಅಲೈನ್‌ಮೆಂಟ್ ಅಂಗಡಿಯಲ್ಲಿ ಕೆಲಸಕ್ಕೆ ಮುಂಚಿನ ಮತ್ತು ನಂತರದ ಅಂಕಿಗಳಿರುವ ಪ್ರಿಂಟ್ ಕೇಳಿ ಪಡೆಯಿರಿ. ನೂರು ಕಿ.ಮೀ. ಓಡಿದ ಮೇಲೆ ಒಮ್ಮೆ ಸ್ಟೀರಿಂಗ್ ತಿರುಗಿಸಿ ಚಕ್ರದ ಹಿಂದೆ ಟಾರ್ಚ್ ಹಿಡಿದು, ಬಣ್ಣದ ಗೀಟುಗಳು ಕೂಡಿಕೊಂಡೇ ಇವೆಯೇ ನೋಡಿ. ಕೂಡಿದ್ದರೆ ಘಾಟಿ ಇಳಿಯಲು ಅಡ್ಡಿಯಿಲ್ಲ.